ಅಂದಕ್ಕಾಗಿ ಆದ ಗಾಯವೂ ಗಾಯವೇ

ದೇಹವನ್ನು ಸಿಂಗರಿಸಿಕೊಳ್ಳಬೇಕೆಂಬ ಬಯಕೆ ಮನುಷ್ಯನಿಗೆ ಸಹಜವಾದುದು. ಕಿವಿಗೆ ಓಲೆ, ಕಿವಿಯ ಮೇಲಂಚಿಗೆ ಬುಗುಡಿ, ಮೂಗಿಗೆ ನತ್ತು, ಕೈಗೆ ಹಚ್ಚೆ ಇವೆಲ್ಲ ಧಾರವಾಡ ಸೀಮೆಯ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರತಿಯೊಂದಕ್ಕೂ ಚರ್ಮವನ್ನು ಚುಚ್ಚಬೇಕಾಗುತ್ತದೆ. ಹರಿದ ಕಿವಿಯ ಹಾಲೆಯನ್ನು ಹೊಲಿಸುವುದು, ಮಗುವಿನ ಸೀಳುತುಟಿಯನ್ನು ಕೂಡಿಸುವುದು, ಪಟ್ಟಣಗಳಲ್ಲಿ ಈಗ ಪ್ರಚಾರ ಪಡೆದಿರುವ ಕೊಬ್ಬು ತೆಗೆಸುವಿಕೆ ಮತ್ತು ಕೂದಲು ನೆಡಿಸುವಿಕೆ ಮೊದಲಾದವುಗಳಿಗೆ ಚರ್ಮವನ್ನು ಚುಚ್ಚಬೇಕು, ಇಲ್ಲವೇ ಕೊಯ್ಯಬೇಕು.

ಚರ್ಮವು ದೇಹವೆಂಬ ಮನೆಯ ಗೋಡೆ. ಗೋಡೆಯಲ್ಲಿ ಕಿಂಡಿ ಬಿದ್ದರೆ ಹೊರಗಿನ ರೋಗಾಣುಗಳು ಒಳಗೆ ನುಗ್ಗುತ್ತವೆ. ಗಾಯವು ಅಂದಕ್ಕಾಗಿ ಆಯಿತೋ ಅವಘಡದಿಂದ ಆಯಿತೋ ಎಂದು ರೋಗಾಣು ವಿಚಾರಿಸುವುದಿಲ್ಲ. ಆದುದರಿಂದ ಇಂತಹ ಗಾಯಗಳನ್ನು ನಂಜಾಗದಂತೆ ಕಾಯುವ ಕ್ರಮವನ್ನೂ, ನಂಜಿಗೆ ಕೊಡುವ ಔಷಧಗಳು ತಮ್ಮ ಶಕ್ತಿಯನ್ನು ಕಳೆದುಕೊಳ್ಳುತ್ತಿರುವ ಕಾರಣವನ್ನೂ ಪತಿ ಪತ್ನಿಯರಿಬ್ಬರೂ ಅರಿತಿರುವುದು ಅವಶ್ಯಕ.

ಶುಚಿತ್ವವೇ ಮೊದಲ ಔಷಧ

ಹರಿದ ಕಿವಿಯನ್ನು ಕೂಡಿಸುವ ವಿದ್ಯೆ ಪರದೇಶದಿಂದ ಬಂದುದಲ್ಲ. ಸುಶ್ರುತ ಸಂಹಿತೆಯಲ್ಲಿ ಕಿವಿಯ ಹಾಲೆಯನ್ನು ಜೋಡಿಸುವ 15 ವಿಧಾನಗಳ ವಿವರಣೆಯಿದೆ. ಗಾಯಗೊಂಡವನು ಮಲಗುವ ಕೋಣೆಗೆ ಸಾಸಿವೆ ಮತ್ತು ಬೇವಿನ ಎಲೆಗಳ ಧೂಪ ಹಾಕಬೇಕೆಂದೂ ಅದರಲ್ಲಿ ಹೇಳಲಾಗಿದೆ. ಕೊಯ್ಯುವ ಕೌಶಲವೊಂದೇ ಸಾಲದು, ಗಾಯವನ್ನು ಕಾಯಲೂಬೇಕು ಎಂಬುದನ್ನು ಪ್ರಾಚೀನರು ಮನಗಂಡಿದ್ದರು.

1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯನು, ಹೆರಿಗೆ ಮಾಡಿಸುವವರು ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆದುಕೊಂಡರೆ ಬಾಣಂತಿಯರ ಸಾವು ಬಹುಮಟ್ಟಿಗೆ ಇಳಿಯುವುದೆಂದು ತೋರಿಸಿದನು. 1865ರಿಂದ ಗ್ಲಾಸ್ಗೋ ನಗರದ ಲಿಸ್ಟರ್ ಎಂಬ ಶಸ್ತ್ರವೈದ್ಯನು ಗಾಯಗಳಿಗೆ ಕಾರ್ಬಾಲಿಕ್ ಆಮ್ಲವನ್ನು ಬಳಸಿ ಕೀವನ್ನು ತಡೆದನು. ಪೆನಿಸಿಲಿನ್ ಪತ್ತೆಯಾದುದು 1928ರಲ್ಲಿ. ಎಂದರೆ ನಂಜು ತಗ್ಗಿಸುವ ದಾರಿಯನ್ನು ಮೊದಲು ತೋರಿದುದು ಗುಳಿಗೆಯಲ್ಲ, ತೊಳೆದ ಕೈ ಮತ್ತು ಶುದ್ಧವಾದ ಉಪಕರಣ. ಈ ಮಾತು ಇಂದಿಗೂ ಸತ್ಯ.

ಹರಿದ ಕಿವಿಯ ಹಾಲೆ

ಭಾರವಾದ ಝುಮಕಿಗಳನ್ನು ಬಹುಕಾಲ ಧರಿಸುವುದರಿಂದ ಕಿವಿಯ ರಂಧ್ರವು ದೊಡ್ಡದಾಗಿ, ಕೊನೆಗೆ ಹಾಲೆಯು ಸೀಳಿಹೋಗುತ್ತದೆ. ಕಂಕುಳಲ್ಲಿರುವ ಕೂಸು ಓಲೆಯನ್ನು ಹಿಡಿದೆಳೆದಾಗಲೂ ಹೀಗಾಗುವುದುಂಟು. ಗ್ರಾಮೀಣ ಮಹಿಳೆಯರು ತಮ್ಮ ರೂಪಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಬಯಸುವ ಸಂದರ್ಭಗಳಲ್ಲಿ ಇದು ಸಾಮಾನ್ಯವಾದುದು.

ದುಮ್ಮವಾಡದಂತಹ ಒಂದು ಗ್ರಾಮದ ದಂಪತಿಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪತ್ನಿಯ ಕಿವಿ ಹರಿದಿದೆ. ಹದಿನೈದು ದಿನಗಳಲ್ಲಿ ಅವಳ ತಂಗಿಯ ಮದುವೆ. ಅಷ್ಟರೊಳಗೆ ಕಿವಿ ಹೊಲಿಸಿ, ಮತ್ತೆ ಚುಚ್ಚಿಸಿ, ತವರಿನ ಝುಮಕಿ ಹಾಕಿಕೊಳ್ಳಬೇಕೆಂಬುದು ಅವಳ ಆಸೆ. ಔಷಧ ಹಚ್ಚಿ ಒಂದೇ ದಿನದಲ್ಲಿ ಕಿವಿಯನ್ನು ಅಂಟಿಸಿಕೊಡುವವರು ಸಂತೆಯೂರಿನಲ್ಲಿದ್ದಾರೆ, ಖರ್ಚೂ ಕಡಿಮೆ, ಎಂದು ಪತಿಯು ಕೇಳಿಬಂದಿದ್ದಾನೆ. ಉಪಕೇಂದ್ರದ ಆರೋಗ್ಯ ಸಹಾಯಕಿಯು ಅವರಿಗೆ ಏನನ್ನು ತಿಳಿಸಬೇಕು?

ಮೊದಲನೆಯದಾಗಿ, ಹಾಗೆ ಅಂಟಿಸುವವರು ಬಳಸುವ ದ್ರವವು ಅನೇಕ ವೇಳೆ ಚರ್ಮವನ್ನು ಸುಡುವ ಆಮ್ಲವಾಗಿರುತ್ತದೆ. ತರಬೇತಿಯಿಲ್ಲದವರ ಕೈಯಲ್ಲಿ ಅದರಿಂದ ಹುಣ್ಣು, ಕಲೆ ಮತ್ತು ನಂಜು ಉಂಟಾಗಬಹುದು.

ಎರಡನೆಯದಾಗಿ, ಸರಿಯಾದ ಚಿಕಿತ್ಸೆಯು ಚಿಕ್ಕದಾದರೂ ಶಸ್ತ್ರಚಿಕಿತ್ಸೆಯೇ. ವೈದ್ಯರು ಕಿವಿಯನ್ನು ಮರಗಟ್ಟಿಸಿ, ಸೀಳಿನ ಎರಡೂ ಅಂಚುಗಳ ಹಳೆಯ ಚರ್ಮವನ್ನು ತೆಳ್ಳಗೆ ತೆಗೆದು, ಹಸಿಯಾದ ಅಂಚುಗಳನ್ನು ಜೋಡಿಸಿ ಹೊಲಿಯುತ್ತಾರೆ. ಹೊಲಿಗೆಯನ್ನು ಸಾಮಾನ್ಯವಾಗಿ ಒಂದು ವಾರ ಅಥವಾ ಹತ್ತು ದಿನಗಳೊಳಗೆ ಬಿಚ್ಚುತ್ತಾರೆ. ಮತ್ತೆ ಚುಚ್ಚಿಸಲು ಎರಡು ಮೂರು ತಿಂಗಳಾದರೂ ಕಾಯುವುದು ಕ್ಷೇಮ. ಚುಚ್ಚುವುದೂ ಹಳೆಯ ಕಲೆಯ ಮೇಲಲ್ಲ, ಅದರ ಪಕ್ಕದಲ್ಲಿ.

ಮೂರನೆಯದಾಗಿ, ಹದಿನೈದು ದಿನಗಳಲ್ಲಿ ಇದೆಲ್ಲ ಮುಗಿಯಲಾರದು. ಅವಸರದಲ್ಲಿ ಹಸಿಗಾಯಕ್ಕೆ ಭಾರದ ಒಡವೆ ತೂಗಿದರೆ ಹೊಲಿಗೆ ಬಿಚ್ಚುತ್ತದೆ, ಮದುವೆಮನೆಯ ಧೂಳು ಬೆವರುಗಳಲ್ಲಿ ನಂಜೇರುತ್ತದೆ. ಈ ಮದುವೆಗೆ ಆ ಕಿವಿಗೆ ಒಡವೆಯಿಲ್ಲದೆ, ಅಥವಾ ಒಡವೆಯ ಭಾರವನ್ನೆಲ್ಲ ಕೂದಲಿಗೆ ಸಿಕ್ಕಿಸುವ ಸರಪಳಿಯ ಮೇಲೆ ಹೊರಿಸಿ ಹೋಗಬಹುದು. ಮದುವೆಯ ಗದ್ದಲ ಮುಗಿದ ಮೇಲೆ, ಹೊಲದ ಕೆಲಸ ಕಡಿಮೆಯಿರುವ ವಾರವನ್ನು ನೋಡಿ ಹೊಲಿಸಿಕೊಳ್ಳುವುದು ಜಾಣತನ.

ಬುಗುಡಿಯ ಎಚ್ಚರಿಕೆ

ಕಿವಿಯ ಕೆಳಗಿನ ಹಾಲೆಯು ಮೃದುವಾದ ಮಾಂಸ. ಅಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಗಾಯ ಬೇಗ ಮಾಯುತ್ತದೆ. ಬುಗುಡಿ ತೊಡುವ ಮೇಲಂಚಿನಲ್ಲಿ ಇರುವುದು ಮೆಲ್ಲೆಲುಬು. ಅದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಮೇಲಿನ ತೆಳುವಾದ ಪೊರೆಯಿಂದಲೇ ಅದು ಪೋಷಣೆ ಪಡೆಯಬೇಕು. ಆ ಪೊರೆಯಲ್ಲಿ ಕೀವು ತುಂಬಿದರೆ ಮೆಲ್ಲೆಲುಬು ಸತ್ತು, ಕಿವಿಯು ಶಾಶ್ವತವಾಗಿ ಮುದುಡಿಹೋಗಬಹುದು.

ಇಂತಹ ನಂಜನ್ನು ಹೆಚ್ಚಾಗಿ ಉಂಟುಮಾಡುವ ರೋಗಾಣುವಿನ ಹೆಸರು ಸ್ಯೂಡೊಮೊನಾಸ್. ಇದು ತೇವವಿರುವ ಕಡೆ ಬೆಳೆಯುತ್ತದೆ. ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್‌ನಂತಹ ಔಷಧಗಳಿಗೆ ಇದು ಹುಟ್ಟಿನಿಂದಲೇ ಬಗ್ಗುವುದಿಲ್ಲ. 2000ನೆಯ ಇಸವಿಯಲ್ಲಿ ಅಮೆರಿಕದ ಆರೆಗನ್ ರಾಜ್ಯದ ಒಂದು ಊರಿನಲ್ಲಿ, ಒಂದೇ ಅಂಗಡಿಯಲ್ಲಿ ಕಿವಿ ಚುಚ್ಚಿಸಿಕೊಂಡ ಹಲವರಿಗೆ ಮೆಲ್ಲೆಲುಬಿನ ನಂಜು ತಗುಲಿತು. ಪರೀಕ್ಷಿಸಿದಾಗ, ಕಿವಿಯನ್ನು ಶುದ್ಧಗೊಳಿಸಲೆಂದು ಬಳಸುತ್ತಿದ್ದ ದ್ರಾವಣದ ಬಾಟಲಿಯಲ್ಲಿಯೇ ಈ ರೋಗಾಣು ಕಂಡುಬಂದಿತು. ಅನೇಕ ದಿನಗಳಿಂದ ತೆರೆದಿಟ್ಟ ಬಾಟಲಿ, ಒದ್ದೆ ಬಟ್ಟೆ, ತೊಟ್ಟಿಯ ನೀರು ಇವು ನೋಡಲು ಸ್ವಚ್ಛವಾಗಿದ್ದರೂ ನಂಬತಕ್ಕವಲ್ಲ. ಬುಗುಡಿಯ ರಂಧ್ರದ ಸುತ್ತ ಊತ, ಬಿಸಿ ಮತ್ತು ನೋವು ಕಾಣಿಸಿದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಅಂದೇ ವೈದ್ಯರಿಗೆ ತೋರಿಸಬೇಕು.

ಸ್ವಚ್ಛ ಬೇರೆ, ರೋಗಾಣುರಹಿತ ಬೇರೆ

ದುಮ್ಮವಾಡದ ಸಮೀಪದ ನೀರಸಾಗರವನ್ನು ಹುಬ್ಬಳ್ಳಿ ನಗರದ ನೀರಿಗಾಗಿ ಕಟ್ಟಲಾಯಿತು. ಅಂತಹ ಕೆರೆಯ ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದನ್ನು ಶುದ್ಧೀಕರಿಸದೆ ಕುಡಿಯಲು ಕೊಡುವುದಿಲ್ಲ. ಉಪಕರಣಗಳ ವಿಷಯವೂ ಹಾಗೆಯೇ. ಪತ್ತಾರರ ಸೂಜಿಯು ಫಳಫಳನೆ ಹೊಳೆಯುತ್ತಿದ್ದರೂ ಅದರ ಮೇಲೆ ರೋಗಾಣುಗಳಿರಬಹುದು. ಧನುರ್ವಾಯುವಿನ ರೋಗಾಣು ಬೀಜರೂಪದಲ್ಲಿರುವಾಗ ಕುದಿಯುವ ನೀರಿನಲ್ಲಿಯೂ ಬದುಕಿ ಉಳಿಯಬಲ್ಲದು. ಆದುದರಿಂದಲೇ ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಆಟೋಕ್ಲೇವ್ ಎಂಬ ಮುಚ್ಚಿದ ಪಾತ್ರೆಯಲ್ಲಿ, ಒತ್ತಡದ ಹಬೆಯಿಂದ, 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಿಗದಿತ ಸಮಯದವರೆಗೆ ಇಡುತ್ತಾರೆ. ಚುಚ್ಚುವ ಸೂಜಿಯಂತೂ ಒಬ್ಬರಿಗೆ ಒಂದೇ ಸಲ ಬಳಸಿ ಎಸೆಯುವಂಥದಾಗಿರಬೇಕು. ಒಂದೇ ಸೂಜಿಯಿಂದ ಹಲವರಿಗೆ ಹಚ್ಚೆ ಹಾಕಿದರೆ ಕೀವು ಮಾತ್ರವಲ್ಲ, ರಕ್ತದ ಮೂಲಕ ಹರಡುವ ಹೆಪಟೈಟಿಸ್-ಬಿ ಮತ್ತು ಎಚ್.ಐ.ವಿ. ಸೋಂಕುಗಳೂ ತಗುಲಬಹುದು.

ನೀರಿನಲ್ಲಿ ಬದುಕುವ ಇನ್ನೊಂದು ಜಾತಿಯ ರೋಗಾಣುಗಳಿವೆ. ಇವು ಕ್ಷಯದ ರೋಗಾಣುವಿನ ದೂರದ ಬಂಧುಗಳು. ಉಪಕರಣಗಳನ್ನು ಸರಿಯಾಗಿ ಶುದ್ಧಗೊಳಿಸದೆ ನಲ್ಲಿಯ ನೀರಿನಲ್ಲಿ ತೊಳೆದು ಬಳಸಿದಾಗ ಇವು ಗಾಯವನ್ನು ಸೇರುತ್ತವೆ. ಗಾಯವು ಮೇಲೆ ಮಾಯ್ದಂತೆ ಕಂಡು, ಕೆಲವು ವಾರಗಳ ಅಥವಾ ತಿಂಗಳುಗಳ ನಂತರ ಗಂಟುಕಟ್ಟಿ ಸೋರತೊಡಗುತ್ತದೆ. 2003 ಮತ್ತು 2004ರಲ್ಲಿ ಅಮೆರಿಕದ ಕೆಲವು ಮಹಿಳೆಯರು ಹೊಟ್ಟೆಯ ಕೊಬ್ಬು ತೆಗೆಸುವ ಮೊದಲಾದ ಚಿಕಿತ್ಸೆಗಳಿಗಾಗಿ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿಬಂದು ಇಂತಹ ನಂಜಿಗೆ ತುತ್ತಾದರು. ಈ ರೋಗಾಣುಗಳು ಬಹುತೇಕ ಔಷಧಗಳಿಗೆ ಜಗ್ಗುವುದಿಲ್ಲವಾದ್ದರಿಂದ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ. ದುರ್ಬೀನಿನ ಮೂಲಕ ಮಾಡುವ ಉದರ ಶಸ್ತ್ರಚಿಕಿತ್ಸೆಗಳ ನಂತರ ನಮ್ಮ ದೇಶದಲ್ಲಿಯೂ ಇಂತಹ ಪ್ರಕರಣಗಳು ವರದಿಯಾಗಿವೆ. ಆದುದರಿಂದ ಯಾವುದೇ ಶಸ್ತ್ರಚಿಕಿತ್ಸೆಯ ಗಾಯವು ಬಹುದಿನಗಳ ನಂತರ ಸೋರಿದರೂ ಉಪೇಕ್ಷಿಸಬಾರದು.

ಗುಳಿಗೆಗಳು ಏಕೆ ಸೋಲುತ್ತಿವೆ?

ರೋಗಾಣುಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಔಷಧಗಳಿಗೆ ಪ್ರತಿಜೀವಕಗಳೆಂದು ಹೆಸರು. ಔಷಧದ ಅಂಗಡಿಯಲ್ಲಿ ಆಂಟಿಬಯಾಟಿಕ್ ಎಂದು ಹೇಳುವುದು ಇವನ್ನೇ. ಇವು ಕೋಟ್ಯಂತರ ಜೀವಗಳನ್ನು ಉಳಿಸಿವೆ. ಆದರೆ ಇವುಗಳ ಶಕ್ತಿ ಅಕ್ಷಯವಾದುದಲ್ಲ.

ನವಲಗುಂದ, ಕುಂದಗೋಳಗಳ ಎರೆಭೂಮಿಯಲ್ಲಿ ಹತ್ತಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2002ರಲ್ಲಿ ಬಿ.ಟಿ. ಹತ್ತಿಯು ನಮ್ಮ ದೇಶಕ್ಕೆ ಬಂದಾಗ ಕಾಯಿಕೊರಕದ ಕಾಟ ತಗ್ಗಿತು. ಹದಿನೈದು ವರ್ಷ ತುಂಬುವುದರೊಳಗೆ ಗುಲಾಬಿ ಕಾಯಿಕೊರಕವು ಆ ಹತ್ತಿಯ ಕಾಯಿಯನ್ನೂ ಕೊರೆಯತೊಡಗಿತು. ಆದುದಿಷ್ಟೆ: ಲಕ್ಷ ಹುಳುಗಳಲ್ಲಿ ವಿಷವನ್ನು ತಾಳಿಕೊಳ್ಳಬಲ್ಲ ಕೆಲವು ಮೊದಲೇ ಇದ್ದವು. ಉಳಿದವು ಸತ್ತವು, ಆ ಕೆಲವು ಉಳಿದು ಸಂತಾನ ಬೆಳೆಸಿದವು. ಕ್ರಮೇಣ ಹೊಲದಲ್ಲಿ ಅವುಗಳ ವಂಶವೇ ತುಂಬಿತು.

ದೇಹದಲ್ಲಿ ನಡೆಯುವುದೂ ಇದೇ. ಹುಳುವಿನ ಒಂದು ತಲೆಮಾರಿಗೆ ವಾರಗಳು ಬೇಕಾದರೆ, ಕೆಲವು ರೋಗಾಣುಗಳು ಇಪ್ಪತ್ತು ನಿಮಿಷಗಳಲ್ಲಿ ಇಮ್ಮಡಿಯಾಗುತ್ತವೆ. ಅನವಶ್ಯಕವಾಗಿ ನುಂಗಿದ ಪ್ರತಿಯೊಂದು ಪ್ರತಿಜೀವಕವೂ ಮೆತ್ತನೆಯ ರೋಗಾಣುಗಳನ್ನು ಕೊಂದು, ಗಟ್ಟಿಯಾದವುಗಳಿಗೆ ಜಾಗ ತೆರವು ಮಾಡಿಕೊಡುತ್ತದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿದಾಗಲೇ, ಸಾಕಷ್ಟು ಪ್ರಮಾಣವಿಲ್ಲದ ಔಷಧವು ರೋಗಾಣುಗಳನ್ನು ಬಲಿಷ್ಠಗೊಳಿಸುವುದೆಂದು ಎಚ್ಚರಿಸಿದ್ದರು. 1961ರಲ್ಲಿ ಇಂಗ್ಲೆಂಡಿನಲ್ಲಿ ಮೆಥಿಸಿಲಿನ್ ಎಂಬ ಆಗಿನ ಹೊಸ ಔಷಧಕ್ಕೂ ಬಗ್ಗದ ಚರ್ಮದ ರೋಗಾಣು ಕಂಡುಬಂದಿತು. 2019ರೊಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಸೋಂಕುಗಳ ನೇರ ಪರಿಣಾಮವಾಗಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಮೃತಪಟ್ಟರೆಂದು ತಜ್ಞರು ಅಂದಾಜು ಮಾಡಿದ್ದಾರೆ.

ಬಾಣಂತಿ ಮತ್ತು ಕೂಸಿನ ಪಾಲು

ಕಿವಿ ಹೊಲಿಸಿದ ಗಾಯಕ್ಕೆ ಸುಮ್ಮನೆ ನುಂಗಿದ ಐದು ದಿನದ ಗುಳಿಗೆಗೂ ಕುಟುಂಬ ಕಲ್ಯಾಣಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಬಹಳ ನಿಕಟವಾದುದು. ಗಟ್ಟಿಯಾದ ರೋಗಾಣುಗಳು ನುಂಗಿದವರ ಚರ್ಮದಲ್ಲಿ, ಮೂಗಿನಲ್ಲಿ, ಕರುಳಿನಲ್ಲಿ ನೆಲೆಸುತ್ತವೆ. ಅವರ ಕೈಯಿಂದ ಮನೆಯವರಿಗೆಲ್ಲ ಹಬ್ಬುತ್ತವೆ. ಅದೇ ಮನೆಯಲ್ಲಿ ನಾಳೆ ಹೆರಿಗೆಯಾಗುತ್ತದೆ. ಶಸ್ತ್ರಚಿಕಿತ್ಸೆಯ ಹೆರಿಗೆಯಾದ ತಾಯಿಯ ಹೊಟ್ಟೆಯ ಗಾಯಕ್ಕೆ, ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊಲಿಗೆಗೆ, ಹಸುಗೂಸಿನ ಹೊಕ್ಕುಳಿಗೆ ತಗುಲುವುದು ಅದೇ ರೋಗಾಣು. ಆಗ ಅಗ್ಗದ ಔಷಧ ನಾಟುವುದಿಲ್ಲ.

ಹಸುಗೂಸಿಗೆ ರಕ್ತದಲ್ಲಿ ನಂಜೇರಿದರೆ ಗಂಟೆಗಳೇ ಅಮೂಲ್ಯ. ಮೊದಲು ಕೊಟ್ಟ ಔಷಧ ಸೋತರೆ ಎರಡನೆಯದನ್ನು ಪ್ರಯತ್ನಿಸುವಷ್ಟು ಕಾಲಾವಕಾಶ ಅನೇಕ ಶಿಶುಗಳಿಗೆ ದೊರೆಯುವುದಿಲ್ಲ. 2011ರಿಂದ 2014ರವರೆಗೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ, ನವಜಾತ ಶಿಶುಗಳ ನಂಜಿಗೆ ಕಾರಣವಾದ ರೋಗಾಣುಗಳಲ್ಲಿ ಹೆಚ್ಚಿನ ಪಾಲು ಒಂದಕ್ಕಿಂತ ಹೆಚ್ಚು ಬಗೆಯ ಔಷಧಗಳಿಗೆ ಬಗ್ಗದಂಥವಾಗಿದ್ದವು. ಹೀಗೆ ಪ್ರತಿಜೀವಕಗಳ ಶಕ್ತಿಯು ಬೀಜದ ಕಾಳಿನಂತೆ. ಹಸಿವಿಲ್ಲದಾಗ ಅದನ್ನು ಹುರಿದು ತಿಂದ ಒಕ್ಕಲಿಗನಿಗೆ ಬಿತ್ತುವ ದಿನ ಕಣಜದಲ್ಲಿ ಏನೂ ಇರುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು

1. ಚಿಕಿತ್ಸೆ ಮಾಡುವವರು ಅರ್ಹ ವೈದ್ಯರೇ ಎಂಬುದನ್ನು ವಿಚಾರಿಸಿರಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಖಾಸಗಿ ಆಸ್ಪತ್ರೆ ಮತ್ತು ಚಿಕಿತ್ಸಾಲಯಗಳು ನೋಂದಣಿ ಪಡೆದಿರಬೇಕು. ನೋಂದಣಿ ಪತ್ರವನ್ನು ಕೇಳಿ ನೋಡಲು ಸಂಕೋಚಪಡಬೇಡಿರಿ.
2. ಸಕ್ಕರೆ ಕಾಯಿಲೆ, ಗರ್ಭ, ಔಷಧದ ಒಗ್ಗದಿಕೆ ಇದ್ದರೆ ಮೊದಲೇ ತಿಳಿಸಿರಿ. ಸಕ್ಕರೆ ಹತೋಟಿಯಲ್ಲಿಲ್ಲದವರ ಗಾಯ ಬೇಗ ನಂಜಾಗುತ್ತದೆ.
3. ಬೀಡಿ, ಸಿಗರೇಟುಗಳನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿರಿ. ತಂಬಾಕು ಗಾಯಕ್ಕೆ ಹೋಗುವ ರಕ್ತವನ್ನು ಕುಗ್ಗಿಸುತ್ತದೆ.
4. ಜ್ವರ, ಚರ್ಮದಲ್ಲಿ ಕುರು ಅಥವಾ ಹುಣ್ಣು ಇದ್ದರೆ ದಿನಾಂಕವನ್ನು ಮುಂದೂಡಿರಿ.
5. ಸಾಬೂನು ಹಚ್ಚಿ ಸ್ನಾನ ಮಾಡಿ ಹೋಗಿರಿ. ಕೊಯ್ಯುವ ಜಾಗದ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಕೂಡದು. ಬ್ಲೇಡಿನ ಗೀರುಗಳಲ್ಲಿ ರೋಗಾಣುಗಳು ಸೇರುತ್ತವೆ.
6. ಧನುರ್ವಾಯುವಿನ ಲಸಿಕೆ ಆಗಿದೆಯೇ ಎಂದು ವಿಚಾರಿಸಿರಿ. ಗರ್ಭಿಣಿಯರ ಲಸಿಕೆ ಮತ್ತು ಆಸ್ಪತ್ರೆಯ ಹೆರಿಗೆಗಳ ಫಲವಾಗಿ 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಿತವಾಯಿತು. ಈ ಗೆಲುವು ಉಳಿಯಬೇಕಾದರೆ ಲಸಿಕೆ ತಪ್ಪಬಾರದು.

ಶಸ್ತ್ರಚಿಕಿತ್ಸೆಯ ನಂತರ

1. ಸಾಬೂನಿನಿಂದ ಕೈ ತೊಳೆಯದೆ ಗಾಯವನ್ನು ಮುಟ್ಟಬೇಡಿರಿ. ವೈದ್ಯರು ಹೇಳಿದ ದಿನದವರೆಗೆ ಪಟ್ಟಿಯನ್ನು ಒದ್ದೆ ಮಾಡಬೇಡಿರಿ.
2. ಬೂದಿ, ಸಗಣಿ, ಅರಿಸಿನದ ಪುಡಿ, ಕೊಬ್ಬರಿ ಎಣ್ಣೆ ಇವನ್ನು ಹಸಿಗಾಯಕ್ಕೆ ಹಚ್ಚಬೇಡಿರಿ. ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಕ್ಯಾಪ್ಸೂಲನ್ನು ಒಡೆದು ಅದರ ಪುಡಿಯನ್ನು ಗಾಯಕ್ಕೆ ಉದುರಿಸುವ ಪದ್ಧತಿಯೂ ತಪ್ಪು.
3. ಗಾಯ ಮಾಯುವವರೆಗೆ ಕೊಟ್ಟಿಗೆ ಬಳಿಯುವ, ಗೊಬ್ಬರ ಹೊರುವ ಕೆಲಸವನ್ನು ಪತಿಯು ವಹಿಸಿಕೊಳ್ಳಬೇಕು. ಪತಿಗೆ ಶಸ್ತ್ರಚಿಕಿತ್ಸೆಯಾದಾಗ ಪತ್ನಿಯು ನೆರವಾಗುವಂತೆ ಇದೂ ದಾಂಪತ್ಯದ ಧರ್ಮ.
4. ಮೂರು ದಿನಗಳ ನಂತರ ನೋವು ಇಳಿಯುವ ಬದಲು ಏರಿದರೆ, ಗಾಯದ ಸುತ್ತ ಕೆಂಪು ಹರಡಿದರೆ, ಕೀವು, ದುರ್ವಾಸನೆ ಅಥವಾ ಜ್ವರ ಕಂಡುಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಅಲ್ಲಿಯ ವೈದ್ಯರು ಧಾರವಾಡದ ಜಿಲ್ಲಾ ಆಸ್ಪತ್ರೆಗೆ ಅಥವಾ ಹುಬ್ಬಳ್ಳಿಯಲ್ಲಿ ಜನರು ಕಿಮ್ಸ್ ಎಂದು ಕರೆಯುವ ಆಸ್ಪತ್ರೆಗೆ ಕಳುಹಿಸುವರು. ಜೀವಕ್ಕೆ ಅಪಾಯವೆನಿಸಿದರೆ 108ಕ್ಕೆ ಕರೆ ಮಾಡಿರಿ.

ದಂಪತಿಗಳು ಕೇಳುವ ಪ್ರಶ್ನೆಗಳು

*ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಪ್ರತಿಜೀವಕ ಬರೆದುಕೊಡಲಿಲ್ಲ. ನಾವೇ ಕೊಂಡು ನುಂಗಬಹುದೆ?*

ಕೂಡದು. ಪ್ರತಿಜೀವಕ ಅವಶ್ಯವಿರುವ ಶಸ್ತ್ರಚಿಕಿತ್ಸೆಗಳಲ್ಲಿ ಕೊಯ್ಯುವುದಕ್ಕೆ ಸ್ವಲ್ಪ ಮೊದಲು ಅದನ್ನು ಕೊಡಬೇಕೆಂದೂ, ನಂಜನ್ನು ತಡೆಯಲೆಂದು ಮಾತ್ರ ಅದನ್ನು ನಂತರದ ದಿನಗಳಲ್ಲಿ ಮುಂದುವರಿಸುವುದು ಸಲ್ಲದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ತಿಳಿಸಿದೆ. ಕಿವಿಯಂತಹ ಚಿಕ್ಕ ಶುದ್ಧ ಗಾಯಕ್ಕೆ ಅನೇಕ ವೇಳೆ ಅದರ ಅಗತ್ಯವೇ ಇರುವುದಿಲ್ಲ. ಗುಳಿಗೆ ಬರೆಯದ ವೈದ್ಯರು ನಿಮ್ಮನ್ನು ಅಲಕ್ಷಿಸಿದರೆಂದು ಭಾವಿಸಬೇಡಿರಿ.

*ನಂಜಾದುದರಿಂದ ವೈದ್ಯರು ಗುಳಿಗೆ ಕೊಟ್ಟಿದ್ದಾರೆ. ಎರಡೇ ದಿನಕ್ಕೆ ಗುಣವಾಯಿತು. ಉಳಿದವನ್ನು ಎತ್ತಿಡಬಹುದೆ?*

ವೈದ್ಯರು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ತೆಗೆದುಕೊಳ್ಳಿರಿ. ನಿಲ್ಲಿಸಬೇಕೆನಿಸಿದರೆ ಅವರನ್ನೇ ಕೇಳಿರಿ. ಉಳಿಸಿಟ್ಟು ನೆರೆಮನೆಯವರಿಗೆ ಕೊಡುವುದಾಗಲಿ, ಮುಂದಿನ ನೆಗಡಿಗೆ ನುಂಗುವುದಾಗಲಿ ತಕ್ಕುದಲ್ಲ. ನೆಗಡಿಯು ವೈರಸ್ಸಿನಿಂದ ಬರುವಂಥದು. ಪ್ರತಿಜೀವಕ ಅದಕ್ಕೆ ನಾಟುವುದಿಲ್ಲ.

*ಯಾವುದು ಪ್ರತಿಜೀವಕವೆಂದು ತಿಳಿಯುವುದು ಹೇಗೆ?*

ಗುಳಿಗೆಯ ಪಟ್ಟಿಯ ಮೇಲೆ ನೀಳವಾದ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧ. ಪ್ರತಿಜೀವಕಗಳ ಪಟ್ಟಿಗಳ ಮೇಲೆ ಈ ಗೆರೆ ಇರುತ್ತದೆ. ಇದನ್ನು ಜನರಿಗೆ ತಿಳಿಸಲು ಕೇಂದ್ರ ಸರ್ಕಾರವು 2016ರಲ್ಲಿ ಪ್ರಚಾರ ಕೈಗೊಂಡಿತು. ಓದು ಬಾರದವರೂ ಕೆಂಪು ಗೆರೆಯನ್ನು ಗುರುತಿಸಬಲ್ಲರು.

*ಚುಚ್ಚಿದ ಜಾಗದಲ್ಲಿ ಗಟ್ಟಿಯಾದ ಗಂಟು ಬೆಳೆದಿದೆ. ಇದೂ ನಂಜೇ?*

ನೋವು, ಬಿಸಿ, ಕೀವು ಇಲ್ಲದೆ ನಿಧಾನವಾಗಿ ಬೆಳೆಯುವ ಗಂಟು ಅನೇಕ ವೇಳೆ ಕಲೆಯ ಅತಿಯಾದ ಬೆಳವಣಿಗೆ. ಅದಕ್ಕೆ ಪ್ರತಿಜೀವಕದಿಂದ ಪ್ರಯೋಜನವಿಲ್ಲ. ವೈದ್ಯರಿಗೆ ತೋರಿಸಿರಿ.

*ಕೂಸಿಗೆ ಕಿವಿ ಯಾವಾಗ ಚುಚ್ಚಿಸಬೇಕು?*

ತೊಟ್ಟಿಲ ಕಾರ್ಯದ ಹೊತ್ತಿಗೇ ಚುಚ್ಚಿಸುವ ಅವಸರ ಬೇಡ. 6, 10 ಮತ್ತು 14ನೆಯ ವಾರಗಳ ಲಸಿಕೆಗಳಲ್ಲಿ ಧನುರ್ವಾಯುವಿನ ರಕ್ಷಣೆಯೂ ಸೇರಿದೆ. ಅವು ಮುಗಿದ ಮೇಲೆ, ಹೊಸ ಸೂಜಿಯಿಂದ, ಕೈ ತೊಳೆದುಕೊಂಡವರಿಂದ, ಕೆಳಗಿನ ಹಾಲೆಗೆ ಮಾತ್ರ ಚುಚ್ಚಿಸಿರಿ.

*ಸೀಳುತುಟಿಯ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ನಂಜಿನ ಭಯವಾಗುತ್ತದೆ.*

ಈ ಭಯದಿಂದ ಚಿಕಿತ್ಸೆಯನ್ನು ಬಿಡಬಾರದು. ಇದು ಅಂದಕ್ಕೆ ಮಾತ್ರವಲ್ಲ, ಹಾಲೂಡುವುದಕ್ಕೂ ಮಾತಿಗೂ ಬೇಕಾದುದು. ಮಗುವು ತಕ್ಕ ತೂಕ ಪಡೆದು, ಜ್ವರ ನೆಗಡಿಗಳಿಲ್ಲದಿರುವಾಗ ಅರ್ಹರಿಂದ ಮಾಡಿಸಿದರೆ ಅಪಾಯ ಕಡಿಮೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂತಹ ಮಕ್ಕಳನ್ನು ಗುರುತಿಸಿ ಚಿಕಿತ್ಸೆಗೆ ಕಳುಹಿಸಲಾಗುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ನೆನಪಿಡಿರಿ

ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಅವಸರವಿರುವುದಿಲ್ಲ. ಸ್ಥಳ, ವೈದ್ಯರು, ಸಮಯ ಮೂರನ್ನೂ ಆರಿಸಿಕೊಳ್ಳಲು ನಿಮಗೆ ಅವಕಾಶವಿದೆ. ಗಾಯವನ್ನು ಕಾಯುವುದು ಶುಚಿತ್ವ. ಪ್ರತಿಜೀವಕವು ನಂಜಾದಾಗಿನ ಆಸರೆ. ಅದನ್ನು ನಂಜಾಗದ ಗಾಯಕ್ಕೆ ವ್ಯಯ ಮಾಡದಿದ್ದರೆ, ಹೆರಿಗೆಯ ದಿನ ಅದು ನಿಮ್ಮ ಮನೆಯ ತಾಯಿಗೂ ಕೂಸಿಗೂ ಒದಗಿಬರುತ್ತದೆ.

ಮನೆಯಲ್ಲಿ ಕೂಡಿ ಚರ್ಚಿಸಿರಿ

1. ನಮ್ಮ ಮನೆಯ ಔಷಧದ ಡಬ್ಬಿಯಲ್ಲಿ ಕೆಂಪು ಗೆರೆಯ, ಉಳಿದುಹೋದ ಗುಳಿಗೆಗಳು ಎಷ್ಟಿವೆ? ಅವು ಯಾವ ಕಾಯಿಲೆಗೆ, ಯಾರ ಸಲಹೆಯಿಂದ ಬಂದವು?
2. ನಮ್ಮೂರಿನಲ್ಲಿ ಕಿವಿ ಚುಚ್ಚುವವರು ಪ್ರತಿಯೊಬ್ಬರಿಗೂ ಹೊಸ ಸೂಜಿ ಬಳಸುವರೆ?
3. ಮನೆಯಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಯಾದರೆ ಅವರ ಕೆಲಸಗಳನ್ನು ಯಾರು ವಹಿಸಿಕೊಳ್ಳುವರು?